ಮೂರನೆಯ ಮಹಡಿಯ ವಿಮಾನ ನಿಲ್ದಾಣ

ವಸತಿ ಸಮುಚ್ಚಯದ ಯಾವುದೇ ಮನೆಯಲ್ಲಿ ವಿಮಾನ ಇದ್ದಲ್ಲಿ, ಸದರಿ ಮನೆಯನ್ನು ವಿಮಾನ ನಿಲ್ದಾಣವೆಂದು ಪರಿಗಣಿಸತಕ್ಕದ್ದು. ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಆದರೆ ಮೂರನೆಯ ಮಹಡಿಯ ಹಲ್ಲಿನ ಡಾಕ್ಟರು ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ತರಿಸಿಕೊಂಡ ದಿನ ಅವರಿಗೆ ಈ ನಿಯಮ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಕಾನೂನಿನ ಮುಂದೆ ನೆಪವಾಗುವುದಿಲ್ಲ. ಆಗ ನಿಯಮವೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಪೆಟ್ಟಿಗೆ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಒಂದು ತುದಿ ಡಾಕ್ಟರು, ಇನ್ನೊಂದು ತುದಿ ಅವರ ಹೆಂಡತಿ ಹಿಡಿದು, ಮೆಟ್ಟಿಲಿನ ತಿರುವು ತಿರುವಿನಲ್ಲೂ ಗೋಡೆಗೆ ಬೆನ್ನು ಉಜ್ಜಿಕೊಂಡು ಹತ್ತಿಸಿದರು.

"ಏನ್ರೀ ಇದು, ಬೀರುನಾ?"

"ವಿಮಾನ ಕಣೇ."

ಹೆಂಡತಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಉತ್ತರ ಎಷ್ಟೇ ವಿಚಿತ್ರವಾಗಿರಲಿ, ನೇರವಾಗಿದ್ದರೆ ಮುಂದಿನ ಪ್ರಶ್ನೆಗೆ ಹೋಗುವುದು ಅವರ ಪದ್ಧತಿ.

"ಹಾರುತ್ತಾ?"

"ಜೋಡಿಸಿದ್ರೆ ಹಾರುತ್ತೆ. ಪಲ್ಟಿನೂ ಹೊಡೆಯುತ್ತೆ."

ಡಾಕ್ಟರು ಇಡೀ ದಿನ ಬಾಯಿ ತೆರೆದವರ ಮೇಲೆ ಬಗ್ಗಿಕೊಂಡೇ ಇರುವವರು. ತಾನೂ ಒಮ್ಮೆ ಕತ್ತು ನೆಟ್ಟಗೆ ಮಾಡಿ ಮೇಲೆ ನೋಡಬೇಕು ಎನ್ನುವುದು ಅವರ ಬಹುದಿನಗಳ ಆಸೆ. ರಿಮೋಟಿನಿಂದ ಹಾರುವ ಚಿಕ್ಕಪುಟ್ಟ ವಿಮಾನಗಳಲ್ಲಿ ಕೈ ಪಳಗಿಸಿಕೊಂಡಿದ್ದರು. ಇದು ದೊಡ್ಡದು. ಒಂದೊಂದು ರೆಕ್ಕೆಯೂ ಊಟದ ಮೇಜಿನಷ್ಟು ಉದ್ದ. ಅದರ ಎಂಜಿನ್ ಪೆಟ್ರೋಲಿನದು.

ಹಾಲಿನಲ್ಲಿದ್ದ ಸೋಫಾ ಗೋಡೆಗೆ ಹೋಯಿತು. ವಿಮಾನದ ಒಡಲು ಎರಡು ದಿಂಬುಗಳ ಮೇಲೆ ಪವಡಿಸಿತು. ಅದರಲ್ಲೊಂದು ಡಾಕ್ಟರ ಅತ್ತೆಯದು. ಅತ್ತೆ ಮಗಳ ಮನೆಯಲ್ಲೇ ಇದ್ದರು; ದಿಂಬು ಹೋದದ್ದಕ್ಕೆ ಮುಖ ಊದಿಸಿಕೊಂಡು ಹೊರಗೆ ಬಂದವರು ರೆಕ್ಕೆಯ ಮೇಲೆ ಹೊದಿಸಿದ ಬಣ್ಣದ ಹಾಳೆ ಅಲ್ಲಲ್ಲಿ ಸುಕ್ಕುಗಟ್ಟಿದ್ದನ್ನು ಕಂಡು ತಡೆಯಲಾರದೆ ಹೋದರು.

"ಅಳಿಯಂದಿರೇ, ಇದನ್ನ ಹೀಗೇ ಹಾರಿಸ್ತೀರಾ? ನೋಡಿದವರು ಏನಂದಾರು?"

"ಸಣ್ಣ ಬಿಸಿ ಇಸ್ತ್ರಿ ಕೊಟ್ರೆ ಬಿಗಿಯಾಗುತ್ತಂತೆ ಅತ್ತೆ."

"ಈಚೆ ತನ್ನಿ." ಅತ್ತೆ ಇಸ್ತ್ರಿಪೆಟ್ಟಿಗೆ ಕೈಗೆ ತೆಗೆದುಕೊಂಡರು. ಸಂಜೆಯೊಳಗೆ ರೆಕ್ಕೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಕೆಲಸ ಸಾಗಿತು. ರೆಕ್ಕೆಯ ಹಿಂದಿನ ಅಲ್ಲಾಡುವ ಪಟ್ಟಿಗಳಿಗೆ ಕೀಲು ಕೂರಿಸಬೇಕು. ಕೀಲು ತಿರುಗುವ ಜಾಗಕ್ಕೆ ಅಂಟು ತಾಗಬಾರದು, ಸುತ್ತಲೂ ಅಂಟು ಕಡಿಮೆಯಾಗಲೂಬಾರದು. ಹಲ್ಲಿಗೆ ಸಿಮೆಂಟು ತುಂಬುವ ಕೈಗೆ ಇದೇನು ಹೊಸದಲ್ಲ. ಡಾಕ್ಟರು ಅಂಟನ್ನು ಕಲಸಿ, ಪುಟ್ಟ ಕಡ್ಡಿಯಲ್ಲಿ ತುಂಬಿ, ಒರೆಸಿ, ಅಭ್ಯಾಸಬಲದಿಂದ ರೆಕ್ಕೆಗೆ "ಎರಡು ಗಂಟೆ ಏನೂ ತಿನ್ನಬೇಡಿ" ಎಂದರು. ಪಟ್ಟಿಗಳನ್ನು ಎಳೆಯಲು ಬೆಂಕಿಪೆಟ್ಟಿಗೆಯ ಗಾತ್ರದ ಮೋಟಾರುಗಳು. ಮುಂದೆ ಎಂಜಿನ್. ಅದರ ಒಂದೊಂದು ಬೋಲ್ಟೂ ಅದುರಿ ಸಡಿಲವಾಗದಂತೆ ಒಂದೊಂದು ಹನಿ ಅಂಟು. ರೆಕ್ಕೆಗಳನ್ನು ಒಡಲಿನೊಳಗೆ ತೂರಿದ ಕಪ್ಪು ಕೊಳವೆಯೊಂದಕ್ಕೆ ಆಚೆಗೊಂದು ಈಚೆಗೊಂದು ಸೇರಿಸಿದರೆ ಆಯಿತು.

ಕೊನೆಗೆ ತೂಕ ಹೊಂದಿಸುವ ಕೆಲಸ. ಗಂಡ ಒಂದು ರೆಕ್ಕೆಯಡಿ, ಹೆಂಡತಿ ಇನ್ನೊಂದರಡಿ ಬೆರಳು ಕೊಟ್ಟು ಎತ್ತಿದರು.

"ಮೂಗು ಇಳೀತಿದೆ," ಎಂದರು ಅತ್ತೆ.

ಬ್ಯಾಟರಿಯನ್ನು ಹಿಂದೆ ಸರಿಸಿದರು.

"ಈಗ ಬಾಲ."

ಮತ್ತೆ ಮುಂದೆ. ವಿಮಾನ ಬೆರಳುಗಳ ಮೇಲೆ ಸಮನಾಗಿ, ಉಸಿರು ಹಿಡಿದಂತೆ ನಿಂತಿತು. ಗಂಡಹೆಂಡತಿ ರೆಕ್ಕೆಯ ಮೇಲಿನಿಂದ ಒಬ್ಬರನ್ನೊಬ್ಬರು ನೋಡಿ ನಕ್ಕರು. ಹಾಗೆ ನಕ್ಕು ಬಹಳ ದಿನವಾಗಿತ್ತು.

ವಿಮಾನವನ್ನು ಕೆಳಗಿಟ್ಟಾಗ ಬಾಲ ಮುಂಬಾಗಿಲಿನಿಂದ ಹೊರಗೆ, ಮೊಗಸಾಲೆಯವರೆಗೆ ಚಾಚಿತು. ಅದೇ ಹೊತ್ತಿಗೆ ಅಲ್ಲಿ ಹಾದುಹೋಗುತ್ತಿದ್ದ ಎದುರುಮನೆಯ ವಿಮಾ ಏಜೆಂಟರ ಅಂಗಿ ಅದಕ್ಕೆ ಸಿಕ್ಕಿಕೊಂಡಿತು. ದೂರು ಹೋಯಿತು. ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಬಂದರು.

ಕಾರ್ಯದರ್ಶಿಗಳು ಸಾರಿಗೆ ಕಚೇರಿಯ ನಿಯಮಾವಳಿ ವಿಭಾಗದಲ್ಲಿದ್ದು ನಿವೃತ್ತರಾದವರು. ಸಮುಚ್ಚಯದಲ್ಲಿ ಸ್ಕೂಟರು, ಕಾರು, ನಾಯಿ, ಹೂಕುಂಡ ಎಲ್ಲದಕ್ಕೂ ಅವರು ನಿಯಮ ಮಾಡಿ ಮುಗಿಸಿದ್ದರು. ನಿಯಮವಿಲ್ಲದ ವಸ್ತು ಕಾಣದೆ ಸೊರಗಿಹೋಗಿದ್ದರು. ಬಾಲವನ್ನು ಕಂಡದ್ದೇ ಅವರ ಮುಖದಲ್ಲಿ ಕಳೆ ಬಂತು.

"ಡಾಕ್ಟ್ರೇ, ಏನಿದು?"

"ವಿಮಾನ ಸಾರ್. ಮಾದರಿ ವಿಮಾನ ಅಷ್ಟೇ."

"ಮಾದರಿನಾ? ಹಾಗಾದ್ರೆ ಇನ್ನೂ ಕಟ್ಟುನಿಟ್ಟಾಗಿರ್ಬೇಕು. ಬೇರೆ ವಿಮಾನಗಳು ಇದನ್ನ ನೋಡಿ ಕಲೀಬೇಕಲ್ವಾ?"

ಮರುದಿನ, ನೀರು ಬಿಡುವ ಹೊತ್ತನ್ನು ಸಾರುವ ಧ್ವನಿವರ್ಧಕದಲ್ಲಿ ಪ್ರಕಟಣೆ ಕೇಳಿಬಂತು: "ನಿವಾಸಿಗಳು ಗಮನಿಸತಕ್ಕದ್ದು. ಮೂರನೆಯ ಮಹಡಿಯಲ್ಲಿ ವಿಮಾನ ಪತ್ತೆಯಾಗಿರುವುದರಿಂದ ಅಲ್ಲಿ ವಿಮಾನ ನಿಲ್ದಾಣವೂ ಇರತಕ್ಕದ್ದೆಂದು ಸಂಘವು ಅಭಿಪ್ರಾಯಪಟ್ಟಿದೆ. ನಿಲ್ದಾಣವನ್ನು ಈವರೆಗೆ ಮುಚ್ಚಿಟ್ಟದ್ದಕ್ಕಾಗಿ ಸಂಬಂಧಪಟ್ಟವರನ್ನು ಈ ಬಾರಿ ಮಾತ್ರ ಕ್ಷಮಿಸಲಾಗಿದೆ. ನೀರು ಎಂದಿನಂತೆ ಬರುವುದಿಲ್ಲ."

ಕ್ಷಮೆ ಸಿಕ್ಕಿದ್ದಕ್ಕೆ ಡಾಕ್ಟರು ಕೃತಜ್ಞತೆ ಸಲ್ಲಿಸಿದರು. ಮುಂದಿನದೆಲ್ಲ ಕ್ರಮಬದ್ಧವಾಗಿಯೇ ನಡೆಯಿತು. ಕಾರ್ಯದರ್ಶಿಗಳ ಭಾಮೈದ, ಬಹುಕಾಲದಿಂದ ಕೆಲಸ ಹುಡುಕಿ ಸುಸ್ತಾಗಿದ್ದವನು, ನಿಲ್ದಾಣಾಧಿಕಾರಿಯಾದ. ಖಜಾಂಚಿಗಳ ಸೊಸೆ, ಕಂಠ ಇಂಪಾಗಿದ್ದುದರಿಂದ, ಉದ್ಘೋಷಕಿಯಾದಳು. ನಿಲ್ದಾಣ ಅಭಿವೃದ್ಧಿ ಶುಲ್ಕವನ್ನು ಎಲ್ಲ ಮನೆಗಳಿಂದಲೂ ವಸೂಲು ಮಾಡಲಾಯಿತು. ನೆಲಮಹಡಿಯವರು ಆಕಾಶದಿಂದ ಹೆಚ್ಚು ದೂರ ಇದ್ದಾರೆಂದು ಅವರಿಗೆ ದೂರಪ್ರಯಾಣದ ದರ. ಶುಲ್ಕದ ಹಣದಲ್ಲಿ ಕಾರ್ಯಕಾರಿ ಸಮಿತಿಯು ಕುಟುಂಬ ಸಮೇತ ಅಧ್ಯಯನ ಪ್ರವಾಸ ಕೈಗೊಂಡು ಸಮುದ್ರದ ದಂಡೆಯೊಂದಕ್ಕೆ ಬಸ್ಸಿನಲ್ಲಿ ಹೋಗಿಬಂತು. ಅಲ್ಲಿ ವಿಮಾನ ನಿಲ್ದಾಣವಿರಲಿಲ್ಲ. ಇಲ್ಲದಿರುವಾಗ ಹೇಗಿರುತ್ತದೆ ಎಂಬುದನ್ನೂ ಅಧ್ಯಯನ ಮಾಡಬೇಕಾಗುತ್ತದೆ.

ವಿಮಾ ಏಜೆಂಟರು ದೂರನ್ನು ಹಿಂತೆಗೆದುಕೊಂಡು, ಡಾಕ್ಟರ ಶೂ ಇಡುವ ಕಪಾಟಿನ ಪಕ್ಕದಲ್ಲಿ ಮೇಜು ಹಾಕಿ ಕುಳಿತರು. "ವಿಮಾನದೊಳಗೇ ವಿಮಾ ಇದೆಯಲ್ಲ ಸಾರ್," ಎಂದು ಬಂದವರಿಗೆಲ್ಲ ವಿವರಿಸಿದರು. "ಕೊನೇದೊಂದಕ್ಷರ ಬಿಟ್ರೆ ಪೂರ್ತಿ ನಮ್ದೇ."

ಬಾಗಿಲಲ್ಲಿ ತಪಾಸಣೆಗೆ ಕಾವಲುಗಾರನನ್ನು ನಿಲ್ಲಿಸಿದರು. ಅವನ ಕೈಗೆ ಕೊಟ್ಟ ಯಂತ್ರ ಅತ್ತೆಯ ಮುಖದ ಬಳಿ ಬಂದಾಗಲೆಲ್ಲ ಕೀ ಎನ್ನುತ್ತಿತ್ತು. ಅತ್ತೆಯ ಕಟ್ಟಿಸಿದ ಹಲ್ಲಿನ ಸೆಟ್ಟಿನಲ್ಲಿ ತಂತಿ ಇತ್ತು.

"ಅಮ್ಮಾ, ಹಲ್ಲು ತೆಗೆದು ತಟ್ಟೇಲಿಡಿ."

"ಏನಪ್ಪಾ, ತರಕಾರಿ ತರೋಕೆ ಹೋಗಿದ್ದೆ ಕಣೋ. ಇದು ನನ್ನ ಮಗಳ ಮನೆ."

"ಎಲ್ರೂ ಹಾಗೇ ಅಂತಾರೆ ಅಮ್ಮಾ."

ಅತ್ತೆ ಹಲ್ಲು ತೆಗೆದು ತಟ್ಟೆಯಲ್ಲಿಟ್ಟು, ಒಳಗೆ ಹೋಗಿ, ಹಲ್ಲು ಹಾಕಿಕೊಂಡ ಮೇಲೆ ಅಳಿಯನನ್ನು ಬೈದರು. ಅಷ್ಟು ಹೊತ್ತು ಕಾಯಬೇಕಾದ್ದರಿಂದ ಬೈಗುಳದಲ್ಲಿ ಸ್ಪಷ್ಟತೆ ಇತ್ತು.

ನಿಲ್ದಾಣಾಧಿಕಾರಿ ಮಾರಾಟಕ್ಕಿಟ್ಟ ಟಿಕೆಟ್ಟುಗಳು ಮೊದಲ ದಿನವೇ ಖಾಲಿಯಾದವು. ಜನ ಸೂಟ್‌ಕೇಸು ಹಿಡಿದು ಬಂದು ಡಾಕ್ಟರ ಸೋಫಾದಲ್ಲಿ ಕೂತರು. ಡಾಕ್ಟರು ಕಾರ್ಯದರ್ಶಿಗಳನ್ನು ಪಕ್ಕಕ್ಕೆ ಕರೆದರು.

"ಸಾರ್, ಇದರಲ್ಲಿ ಒಂದು ಇಲಿ ಕೂರೋಕೂ ಜಾಗ ಇಲ್ಲ."

"ಆಸನಗಳು ಭರ್ತಿಯಾಗಿವೆ ಅಂತೀರಿ. ಸಂತೋಷ."

"ಹಾಗಲ್ಲ ಸಾರ್, ಆಸನಗಳೇ ಇಲ್ಲ. ನಾನಿದನ್ನ ಬಯಲಿಗೆ ತಗೊಂಡುಹೋಗಿ ಒಂದ್ಸಲ ಹಾರಿಸಿ ಬರ್ತೀನಿ, ಅಪ್ಪಣೆ ಕೊಡಿ."

"ಪ್ರಯಾಣಿಕರು ಹತ್ತದೆ ವಿಮಾನ ಹೊರಡೋ ಹಾಗಿಲ್ಲ."

"ಅವರು ಹತ್ತೋಕಾಗಲ್ಲ."

"ಅದಕ್ಕೇ ಹೊರಡ್ತಿಲ್ಲ," ಎಂದರು ಕಾರ್ಯದರ್ಶಿಗಳು, ಎಲ್ಲ ಸರಿಯಾಗಿಯೇ ನಡೆಯುತ್ತಿದೆ ಎನ್ನುವ ಸಮಾಧಾನದಲ್ಲಿ.

ಉದ್ಘೋಷಕಿ ಗಂಟೆಗೊಮ್ಮೆ ವಿಳಂಬಕ್ಕೆ ವಿಷಾದಿಸುತ್ತಿದ್ದಳು. ಪ್ರಯಾಣಿಕರು "ಛೆ" ಎನ್ನುತ್ತಿದ್ದರು, ಆದರೆ ಎದ್ದು ಹೋಗುತ್ತಿರಲಿಲ್ಲ. ಫೋನಿನಲ್ಲಿ ನೆಂಟರಿಗೆ "ವಿಮಾನ ನಿಲ್ದಾಣದಲ್ಲಿದ್ದೀನಿ, ಆಮೇಲೆ ಮಾತಾಡ್ತೀನಿ" ಎನ್ನುವ ಅವಕಾಶ ಅವರಲ್ಲಿ ಹಲವರಿಗೆ ಜೀವನದಲ್ಲಿ ಮೊದಲ ಬಾರಿಗೆ ಸಿಕ್ಕಿತ್ತು. ವಿಮಾನ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳಿ ದಡ್ಡರೆನಿಸಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ.

ಡಾಕ್ಟರು ಮಾತ್ರ ಮಂಕಾದರು. ಕ್ಲಿನಿಕ್ಕಿಗೆ ಹೋಗುವಾಗ ರೆಕ್ಕೆಯನ್ನು ಸವರಿ ಹೋಗುವುದು, ಬಂದಾಗ ಅದರ ಮೇಲೆ ಯಾರೋ ಇಟ್ಟ ಚಹಾ ಲೋಟ ಎತ್ತಿಡುವುದು. ಇಷ್ಟೇ. ಮುಖ್ಯೋಪಾಧ್ಯಾಯಿನಿ ಇದನ್ನು ಕೆಲವು ದಿನ ನೋಡಿದರು.

"ರೀ, ರೆಕ್ಕೆ ಬಿಚ್ಚೋಕೆ ಎಷ್ಟು ಹೊತ್ತು ಬೇಕು?"

"ಒಂದೊಂದು ಕಡೆಗೂ ಒಂದೇ ಬೋಲ್ಟು."

"ಭಾನುವಾರ ಬೆಳಗ್ಗೆ ಎದ್ದೇಳಿ."

ಭಾನುವಾರ ಬೆಳಗ್ಗೆ, ಪ್ರಯಾಣಿಕರು ಕೂತಲ್ಲೇ ತೂಕಡಿಸುತ್ತಿದ್ದಾಗ, ರೆಕ್ಕೆಗಳಿಗೆ ಬೆಡ್‌ಶೀಟು ಸುತ್ತಿದರು. ಒಡಲಿಗೆ ಕಂಬಳಿ. ಬಾಗಿಲಲ್ಲಿ ಕಾವಲುಗಾರ ತಡೆದ.

"ಏನದು?"

"ಇಸ್ತ್ರಿಗೆ," ಎಂದರು ಅತ್ತೆ.

ನಿಲ್ದಾಣದ ಒಳಗೆ ಹೋಗುವವರನ್ನು ಪರೀಕ್ಷಿಸಬೇಕೆಂದು ನಿಯಮವಿತ್ತು. ಹೊರಗೆ ಹೋಗುವವರ ಬಗ್ಗೆ ಏನೂ ಇರಲಿಲ್ಲ. ಕಾವಲುಗಾರ ದಾರಿ ಬಿಟ್ಟ.

ಊರಾಚೆಗಿದ್ದ ಹೆಂಡತಿಯ ಶಾಲೆಯ ಹಿಂದಿನ ಬಯಲಿನಲ್ಲಿ ಮೂವರೂ ಸೇರಿ ಮತ್ತೆ ಜೋಡಿಸಿದರು. ಡಾಕ್ಟರು ಒಂದೊಂದು ಕೀಲನ್ನೂ ಎಳೆದು ನೋಡಿದರು, ರಿಮೋಟಿನ ಕಡ್ಡಿ ಆಡಿಸಿ ಪಟ್ಟಿಗಳು ಸರಿಯಾದ ಕಡೆಗೇ ಹೊರಳುತ್ತವೆಯೇ ಎಂದು ಹೆಂಡತಿಯನ್ನು ಕೇಳಿದರು. ಎಂಜಿನ್ ಕೆಮ್ಮಿತು, ಗದರಿತು, ಆಮೇಲೆ ರಾಗ ಹಿಡಿಯಿತು. ವಿಮಾನ ಹುಲ್ಲಿನ ಮೇಲೆ ನಾಲ್ಕು ಮಾರು ಓಡಿದ್ದೇ ತಡ, ನೆಲಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಎದ್ದಿತು.

ಅದು ಸುತ್ತು ಹಾಕಿತು. ಮಗುಚಿಕೊಂಡು ಹೊಟ್ಟೆ ಮೇಲೆ ಮಾಡಿ ಹಾದುಹೋಯಿತು. ದೊಡ್ಡ ಸೊನ್ನೆ ಬರೆಯಿತು. ಕೊನೆಗೆ ಮೂಗನ್ನು ನೇರ ಆಕಾಶಕ್ಕೆ ಮಾಡಿ, ಗಾಳಿಯಲ್ಲಿ ಮೊಳೆಗೆ ತೂಗುಹಾಕಿದ ಅಂಗಿಯ ಹಾಗೆ ಇದ್ದಲ್ಲೇ ನಿಂತುಬಿಟ್ಟಿತು. ಡಾಕ್ಟರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅವರ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹೆಂಡತಿ ತಮ್ಮ ಕರ್ಚೀಫಿನಿಂದ ಒರೆಸಿದರು.

"ಸುಕ್ಕೇ ಇಲ್ಲ ನೋಡು," ಎಂದು ಅತ್ತೆ ಮಗಳಿಗೆ ತೋರಿಸಿದರು.

ಬಯಲಿನಲ್ಲಿ ಕಂಡವರು ಆಗಲೇ ಸುದ್ದಿ ಮುಟ್ಟಿಸಿದ್ದರಿಂದ, ಮನೆಗೆ ಬಂದಾಗ ವಿಚಾರಣಾ ಸಮಿತಿ ಹಾಲಿನಲ್ಲಿ ಕಾದಿತ್ತು. ಆರೋಪ ಗಂಭೀರವಾಗಿತ್ತು: ವಿಮಾನವು ಹಾರಿದೆ.

"ನಾವೆಲ್ಲ ಇಲ್ಲೇ ಕೂತಿದ್ವಿ," ಎಂದು ವಿಮಾ ಏಜೆಂಟರು ಗದ್ಗದಿತರಾದರು. "ಒಂದು ಮಾತು ಹೇಳದೆ ಹೊರಟುಹೋಯ್ತು."

"ನಿಲ್ದಾಣದಿಂದ ಹಾರಿದ್ದರೆ ಆ ಮಾತು ಬೇರೆ," ಎಂದರು ಕಾರ್ಯದರ್ಶಿಗಳು. "ಬಯಲಿನಿಂದ ಹಾರಿದೆ. ಬಯಲಿನಿಂದ ಎಲ್ಲರೂ ವಿಮಾನ ಹಾರಿಸತೊಡಗಿದರೆ ನಿಲ್ದಾಣಗಳ ಗತಿ ಏನು ಡಾಕ್ಟ್ರೇ?"

ಡಾಕ್ಟರ ಕಿವಿಯಲ್ಲಿ ಎಂಜಿನ್ ಇನ್ನೂ ಹಾಡುತ್ತಿತ್ತು. ಸಮಿತಿ ಒಳಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅತ್ತೆಯ ಮಂಚದ ಮೇಲೆ ಕೂತು ಚರ್ಚಿಸಿ ಹೊರಗೆ ಬಂತು. ಕಾರ್ಯದರ್ಶಿಗಳು ತೀರ್ಪು ಓದಿದರು:

"ವಿಮಾನವು ಇಲ್ಲದಿದ್ದ ಬೆಳಗಿನ ಅವಧಿಯಲ್ಲಿ ನಿಲ್ದಾಣವು ಅತ್ಯಂತ ಸುಗಮವಾಗಿ ಕಾರ್ಯನಿರ್ವಹಿಸಿರುವುದು ಕಂಡುಬಂದಿದೆ. ತಪಾಸಣೆ, ವಿಮೆ, ಚಹಾ, ವಿಳಂಬದ ಪ್ರಕಟಣೆ ಯಾವುದಕ್ಕೂ ಚ್ಯುತಿ ಬಂದಿಲ್ಲ. ಸಾಲದ್ದಕ್ಕೆ ಹಾಲಿನಲ್ಲಿ ಹೆಚ್ಚುವರಿ ಕುರ್ಚಿಗಳನ್ನು ಹಾಕಲು ಸಾಧ್ಯವಾಗಿದೆ. ಆದುದರಿಂದ ವಿಮಾನವು ವಿಮಾನ ನಿಲ್ದಾಣಕ್ಕೆ ಅಡಚಣೆಯೆಂದು ತೀರ್ಮಾನಿಸಿ, ಅದನ್ನು ಈ ಕೂಡಲೇ ಇಲ್ಲಿಂದ ತೆರವುಗೊಳಿಸಲು ಆದೇಶಿಸಿದೆ."

ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ಡಾಕ್ಟರಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಆದರೂ ಶಿಕ್ಷೆ ಹಗುರವಾಯಿತೆಂದು ಯಾರಿಗೂ ಅನುಮಾನ ಬಾರದಿರಲೆಂದು ತಲೆ ತಗ್ಗಿಸಿ ನಿಂತರು. ಹೆಂಡತಿ ಅವರ ಕಾಲು ಮೆಲ್ಲಗೆ ತುಳಿದು, "ಸ್ವಲ್ಪ ಅಳಿ," ಎಂದು ಪಿಸುಗುಟ್ಟಿದರು.

ವಿಮಾನ ಶಾಲೆಯ ಆಟದ ಸಾಮಾನಿನ ಕೋಣೆಗೆ ಹೋಯಿತು. ರಜೆ ಬಂದರೆ ಮೂವರೂ ಬಯಲಿಗೆ ಹೋಗುತ್ತಾರೆ. ಮುಖ್ಯೋಪಾಧ್ಯಾಯಿನಿಯವರೂ ಈಗ ಸೊನ್ನೆ ಹಾಕುತ್ತಾರೆ, ಗಂಡನಿಗಿಂತ ದುಂಡಗೆ. ನಿಲ್ದಾಣವಂತೂ ವೃದ್ಧಿಯಾಗಿ ಮಲಗುವ ಕೋಣೆಯನ್ನೂ ಸೇರಿಸಿಕೊಂಡಿದೆ. ಪಕ್ಕದ ಸಮುಚ್ಚಯದವರು ವಿಮಾನವನ್ನೇ ತರಿಸದೆ ನೇರವಾಗಿ ನಿಲ್ದಾಣ ತೆರೆದಿದ್ದು, ಅದು ಹೆಚ್ಚು ಆಧುನಿಕ ವಿಧಾನವೆಂದು ತಿಳಿದವರು ಹೇಳುತ್ತಾರೆ.

ಮೊನ್ನೆ ರಜೆಯ ದಿನ ಮಧ್ಯಾಹ್ನ, ಕೈಗೆ ಎಣ್ಣೆಜಿಡ್ಡು ಮೆತ್ತಿಕೊಂಡು, ಹಸಿದು ಮನೆಗೆ ಬಂದ ಡಾಕ್ಟರು ತಪಾಸಣೆ ಮುಗಿಸಿ ಹಾಲಿನೊಳಗೆ ಹೆಜ್ಜೆ ಇಟ್ಟರು. ಕುರ್ಚಿಗಳೆಲ್ಲ ಭರ್ತಿ. ನಿಲ್ದಾಣಾಧಿಕಾರಿ ಅಡ್ಡ ಬಂದ.

"ಎಲ್ಲಿಗೆ ಸಾರ್ ಪ್ರಯಾಣ?"

"ಅಡುಗೆಮನೆಗೆ."

"ಅದು ಎರಡನೇ ಗೇಟು. ಇನ್ನೂ ಕರೆದಿಲ್ಲ, ಕೂತ್ಕೊಳ್ಳಿ."

ಡಾಕ್ಟರು ಹೆಂಡತಿಯ ಮುಖ ನೋಡಿದರು. ಹೆಂಡತಿ ಆಗಲೇ ಸೂಟ್‌ಕೇಸೊಂದರ ಮೇಲೆ ಕೂತು, ಅಮ್ಮನಿಗೂ ಜಾಗ ಮಾಡಿಕೊಡುತ್ತಿದ್ದರು. ಡಾಕ್ಟರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಷ್ಟರಲ್ಲಿ ಇಂಪಾದ ಕಂಠ ಕೇಳಿಬಂತು:

"ದಯವಿಟ್ಟು ಗಮನಿಸಿ. ಅಡುಗೆಮನೆಗೆ ತೆರಳುವ ಪ್ರಯಾಣಿಕರಿಗೆ, ತಾಂತ್ರಿಕ ಕಾರಣಗಳಿಂದ ಅರ್ಧ ಗಂಟೆ ವಿಳಂಬ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

"ಛೆ," ಎಂದರು ಎಲ್ಲರೂ.

"ಛೆ," ಎಂದರು ಡಾಕ್ಟರು. ಪಕ್ಕದಲ್ಲಿದ್ದವರು ಪತ್ರಿಕೆಯ ಒಂದು ಹಾಳೆ ಬಿಡಿಸಿ ಅವರಿಗೆ ಕೊಟ್ಟರು. ಡಾಕ್ಟರು ವಂದನೆ ಹೇಳಿ ಓದತೊಡಗಿದರು.