ಐಸಿಗೆ ಹಚ್ಚಿದ ವಿಭೂತಿ

ಮನೆಯಲ್ಲಿ ದುಡಿಯುವ ಯಾವ ವಸ್ತುವನ್ನೂ ಪೂಜೆ ಮಾಡದೆ ಬಿಡುವ ಧೈರ್ಯ ನನಗಿಲ್ಲ. ಮಹಾನವಮಿ ಬಂತೆಂದರೆ ಮಗ್ಗ, ಬೀಸುವ ಕಲ್ಲು, ಸೈಕಲ್ಲು, ಎಲ್ಲಕ್ಕೂ ಹಸಿ ವಿಭೂತಿ ಬಳಿಯುತ್ತೇನೆ. ದೇವರಿಗೆ ಎಷ್ಟು ಮುಟ್ಟಿತೋ ಗೊತ್ತಿಲ್ಲ, ಹೊಲಿಗೆ ಯಂತ್ರಕ್ಕೆ ತುಕ್ಕು ಹಿಡಿದದ್ದು ಖರೆ. ಎರಡನೇ ಇಯತ್ತೆ ಕಲಿತವಳ ಬುದ್ಧಿ ಇಷ್ಟೇ ಎಂದು ನೀವು ಅನ್ನಬಹುದು. ಅನ್ನಿರಿ.

ಇಳಕಲ್ಲಿಗೆ ಟಿ.ವಿ. ಇನ್ನೂ ಬರದ ಕಾಲ. ನಮ್ಮ ಮನೆಯವರಿಗೆ ಎರಡನೇ ಸಲ ಲಕ್ವಾ ಹೊಡೆದು ಮಾತು ಹೋಯಿತು, ಎಡಗೈಯ ಒಂದು ಬೆರಳು ಉಳಿಯಿತು. ಹೌದು, ಇಲ್ಲ ಎಂದು ತಲೆಯಾಡಿಸುವರು, ಅಷ್ಟೇ. ನಾನು ಮಗ್ಗದ ಕುಣಿಯಲ್ಲಿ ಕುಳಿತರೆ ಆ ಸದ್ದಿನಲ್ಲಿ ಅವರು ನರಳಿದರೂ ಕೇಳುತ್ತಿರಲಿಲ್ಲ. ಓಣಿಯಲ್ಲಿ ರೇಡಿಯೋ ರಿಪೇರಿ ಮಾಡುವ ರಜಾಕಸಾಬ ಇದನ್ನು ನೋಡಿ, ಹುಬ್ಬಳ್ಳಿಯಿಂದ ಐಸಿ ತರಿಸಿ ಒಂದು ಪೆಟ್ಟಿಗೆ ಮಾಡಿಕೊಟ್ಟ. ಮಂಚಕ್ಕೆ ಕಟ್ಟಿದ ಎರಡು ತಾಮ್ರದ ಪಟ್ಟಿಯ ನಡುವೆ ಬೆರಳು ತಾಗಿದರೆ ಸಾಕು, ಗಂಟೆ ಬಾರಿಸುತ್ತದೆ. ಮುಚ್ಚಳ ತೆಗೆದು ತೋರಿಸಿದ. ಜರಿಹುಳದಂತೆ ಸಾಲುಗಾಲಿನ ಕರಿ ತುಂಡು, ಅದೇ ಐಸಿಯಂತೆ.

“ಇದಕ್ಕ ಎರಡ ಮಾತು ಬರ್ತಾವ್ರಿ ಅಕ್ಕಾರ. ಹೌದು, ಇಲ್ಲ. ನಡುವಿಂದು ಬರಂಗಿಲ್ಲ.”

“ಹಂಗಾರ ನಮ್ಮ ಮನಿಯವರಿಗೆ ತಕ್ಕ ಜೋಡಿ ಬಿಡಪಾ,” ಎಂದೆ. ಮಂಚದ ಮೇಲಿದ್ದವರ ತುಟಿಯ ಒಂದು ಬದಿ ನಕ್ಕಿತು.

ಮಹಾನವಮಿ ಬಂತು. ಪೆಟ್ಟಿಗೆಯ ಮೇಲೆ ವಿಭೂತಿ ಬಳಿದೆ. ಮನಸ್ಸಿಗೆ ಸಮಾಧಾನವಾಗಲಿಲ್ಲ. ಗುಡಿಯ ಬಾಗಿಲಿಗೆ ಹಚ್ಚಿ ಒಳಗಿನ ದೇವರನ್ನು ಬಿಡುವುದೇ? ಮುಚ್ಚಳ ತೆಗೆದು ಐಸಿಗೇ ಮೂರು ಬೆರಳು ಎಳೆದೆ, ಒದ್ದೆ ಕುಂಕುಮವನ್ನೂ ಇಟ್ಟೆ.

ಹೋಳಿಗೆಯ ಕಣಕದಲ್ಲಿ ಕೈ ಇಟ್ಟಿದ್ದೆ, ಗಂಟೆ ಬಾರಿಸಿತು. ಓಡಿದೆ. “ಕರದ್ರೇನ್ರಿ?” ಇಲ್ಲವೆಂದು ತಲೆಯಾಡಿಸಿದರು. ಒಲೆಯ ಮುಂದೆ ಕುಳಿತೆ, ಮತ್ತೆ ಬಾರಿಸಿತು. ಮತ್ತೆ ಇಲ್ಲ. ಮೂರನೆಯ ಸಲ ಹೆಂಚಿನ ಮೇಲಿನ ಹೋಳಿಗೆ ಹೊತ್ತಿತು, ನನ್ನ ಬಾಯಿಯೂ ಹೊತ್ತಿತು. “ಹಬ್ಬದ ದಿನಾ ಆಟ ಹೂಡೀರೇನು? ಬಾರಿಸೂದು ಬಾರಿಸಿ, ಇಲ್ಲಂತ ಸುಳ್ಳ ಬ್ಯಾರೆ ಹೇಳ್ತೀರಿ?” ಅವರು ಕಣ್ಣು ಮುಚ್ಚಿದರು. ನಾನು ಬ್ಯಾಟರಿಯ ತಂತಿ ಕಿತ್ತು ಹೋದೆ.

ಹೋಳಿಗೆ ಮುಗಿಸಿ ಬಂದಾಗ ಅವರು ಮಂಚದಿಂದ ಅರ್ಧ ಕೆಳಗೆ ಜಾರಿದ್ದರು. ಹಣೆ ನೆಲಕ್ಕೆ ಬಡಿದು ರಕ್ತ ಒಣಗಿತ್ತು. ಬೆರಳು ಮಾತ್ರ ಪಟ್ಟಿಯ ಮೇಲೇ ಇತ್ತು.

ಮರುದಿನ ನಾನು ಅವರ ಹಣೆಯ ಗಾಯಕ್ಕೆ ಅರಿಶಿನ ಹಚ್ಚುತ್ತಿದ್ದಾಗ ರಜಾಕಸಾಬ ಬಂದು ಹಳೆಯ ಹಲ್ಲಿನ ಬ್ರಶ್ಶಿನಿಂದ ಎಲ್ಲ ತಿಕ್ಕಿ ತೆಗೆದ. “ಐಸಿಗೆ ಏನೂ ಆಗಿಲ್ರಿ. ಹಸಿ ವಿಭೂತಿನ ಬೆರಳಂತ ತಿಳಕೊಂಡಿತ್ತು. ಅದರದೇನ್ ತಪ್ಪು?” ತಪ್ಪು ಯಾರದೆಂದು ಹೇಳದೆ ಹೋಳಿಗೆ ತಿಂದು ಹೋದ.

ಆಮೇಲೆ ಅವರು ಆ ಪಟ್ಟಿ ಮುಟ್ಟಲಿಲ್ಲ. ನಾನೇ ಬೆರಳು ಹಿಡಿದು ಇಟ್ಟರೂ ಹಿಂದಕ್ಕೆ ಎಳೆದುಕೊಂಡರು. ಹಾಗಾಗಿ ಲಾಳಿ ಬಿಟ್ಟು ಗಳಿಗೆಗೊಮ್ಮೆ ನಾನೇ ಏಳುತ್ತಿದ್ದೆ. “ಏನರ ಬೇಕೇನ್ರಿ?” ಇಲ್ಲ. ಮುಟ್ಟಿ ನೋಡಿದರೆ ಹಾಸಿಗೆ ಹಸಿ. ಈಗ ಅವರು ಖರೇನೇ ಸುಳ್ಳು ಹೇಳುತ್ತಿದ್ದರು. ಬೇಸಿಗೆಯಲ್ಲಿ ಸಾಯುವವರೆಗೂ ಹೇಳಿದರು. ನಾನು ತುಟಿ ಬಿಚ್ಚದೆ ಹಾಸಿಗೆ ಬದಲಿಸುತ್ತಿದ್ದೆ. ಜನ್ಮದಲ್ಲಿ ನನ್ನ ಬಾಯಿ ಮುಚ್ಚಿದ್ದು ಆಗ ಮಾತ್ರ. ಈಗ ನೋಡಿ, ಕೇಳುವವರು ಸಿಕ್ಕರೆಂದು ಮತ್ತೆ ಬಿಚ್ಚಿಕೊಂಡಿದೆ.