ಹಳೇ ಎಲಿಮಿನೇಟರು, ಬೀಗರ ಹಾಡು

ಹಳೇ ಸಾಮಾನು ಎಸೆಯುವವನು ಸಂಸಾರಸ್ಥನೇ ಅಲ್ಲ ಎಂಬುದು ಆದೋನಿಯ ರಾಘಣ್ಣನವರ ಘನ ಸಿದ್ಧಾಂತ. ಮಗಳ ಮದುವೆಗೆಂದು ಹೊಸ ಟೇಪ್ ರೆಕಾರ್ಡರ್ ಕೊಂಡಾಗ ಅಂಗಡಿಯವನು ಅದರ ಜೊತೆ ಎಲಿಮಿನೇಟರನ್ನೂ ಒಯ್ಯಿರಿ ಎಂದ. ಸೆಲ್ಲಿನ ಬದಲು ಗೋಡೆಯ ಕರೆಂಟನ್ನು ಇಳಿಸಿ ಕೊಡುವ ಆ ಡಬ್ಬಿ ಇವರ ಹತ್ತಿರ ಆಗಲೇ ಒಂದಿತ್ತು, ಕೆಟ್ಟು ಮೂಲೆ ಸೇರಿದ ಟ್ರಾನ್ಸಿಸ್ಟರಿನದು. ಹಳೆಯದರ ಮೇಲೆ ಆರು ವೋಲ್ಟು, ಹೊಸ ಯಂತ್ರದ ಮೇಲೆ ಒಂಬತ್ತು ಎಂದು ಬರೆದಿದೆಯಲ್ಲ ಎಂದು ಹೆಂಡತಿ ತುಳಸಿಬಾಯಿ ತೋರಿಸಿಯೂ ತೋರಿಸಿದಳು.

"ಪಿನ್ನು ಕೂತರ ಮುಗೀತು. ಕರೆಂಟಿಗೆ ಯಾರರ ಗೋತ್ರ ನೋಡ್ತಾರೇನು?" ಎಂದರು ರಾಘಣ್ಣ.

ಟೇಪು ಬೇಕಾಗಿದ್ದದ್ದು ಬೀಗರ ಹಾಡಿಗೆ. ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯವರನ್ನು ಹೆಸರು ಹಿಡಿದು ಕಾಡಿಸುವ ಆ ಹಾಡಿಲ್ಲದಿದ್ದರೆ ಹೆಣ್ಣಿನವರ ಮಾನ ಮೂರಾಬಟ್ಟೆ. ಅದು ಬಾಯಿಗೆ ಬರುತ್ತಿದ್ದದ್ದು ತುಳಸಿಬಾಯಿಯ ಸೋದರತ್ತೆ ಸುಭದ್ರಮ್ಮನಿಗೆ ಮಾತ್ರ. ಆ ಮುದುಕಿಯೋ ಹೊಳಗುಂದದಲ್ಲಿ ಕಾಲು ಮುರಿದುಕೊಂಡು ಮಲಗಿದ್ದಳು. ಗಂಡ ಹೆಂಡತಿ ಟೇಪು, ಆ ಹಳೇ ಡಬ್ಬಿ ಹೊತ್ತು ಬಸ್ಸು ಹತ್ತಿದರು. ಸುಭದ್ರಮ್ಮ ಬೀಗಿತಿಯ ಹೆಸರು, ಸ್ವಭಾವ ಎಲ್ಲಾ ವಿಚಾರಿಸಿಕೊಂಡು ಮಲಗಿದಲ್ಲೇ ಹಾಡಿದಳು. ತಿರುಗಿ ಹಾಕಿ ಕೇಳಿದರೆ ಆಕೆಯದೇ ದಪ್ಪ ದನಿ, ಕೆಮ್ಮು ಸಮೇತ. ರಾಘಣ್ಣ ದಾರಿಯುದ್ದಕ್ಕೂ ಮೀಸೆ ಮೇಲೆ ಕೈಯಾಡಿಸಿದರು.

ಮದುವೆಯ ದಿನ ಪಾಯಸ ಬಡಿಸುವ ಹೊತ್ತಿಗೆ ಮೈಕಿನ ಉರುಕುಂದಪ್ಪ ಆ ಕ್ಯಾಸೆಟ್ಟನ್ನು ತನ್ನ ಯಂತ್ರಕ್ಕೆ ಹಾಕಿದ. ಹಾರ್ನಿನಿಂದ ಬಂದದ್ದು ಸುಭದ್ರಮ್ಮನ ದನಿಯಲ್ಲ. ಯಾವಳೋ ಎಳೇ ಹುಡುಗಿ ಬಸ್ಸು ತಪ್ಪೀತೆಂಬ ಅವಸರದಲ್ಲಿ ಹಾಡುತ್ತಿದ್ದಳು. ಕೆಮ್ಮು ಕೂಡ ಪುಟ್ಟ ಸೀನಿನ ಹಾಗಿತ್ತು! ಪಂಕ್ತಿಯಲ್ಲಿ ಕೈಗಳೆಲ್ಲ ಎಲೆಯ ಮೇಲೆ ನಿಂತವು. ರಾಘಣ್ಣ ಓಡಿಹೋಗಿ ನಿನ್ನ ಯಂತ್ರ ಕೆಟ್ಟಿದೆ ಎಂದು ಗದರಿದರು.

"ನಂದು ಸರಿ ಐತಿ ಸಾಮಿ," ಎಂದ ಉರುಕುಂದಪ್ಪ, "ಪದ ತುಂಬೋವಾಗ ನಿಮ್ಮ ಟೇಪಿಗೆ ಕರೆಂಟು ಸಾಲದೇ ನಿಧಾನ ತಿರುಗೇತಿ. ಕೇಳೋವಾಗೂ ಅದೇ ನಿಧಾನ, ಹಂಗಾಗಿ ಗೊತ್ತಾಗಿಲ್ಲ. ನನ್ನ ಮಿಷನ್ನು ಹೊಟ್ಟಿ ತುಂಬಿದ್ದು, ಓಡ್ತೈತಿ."

ರಾಘಣ್ಣನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೀಗಿತಿ ಅನ್ನಪೂರ್ಣಾಬಾಯಿ ಮಾತ್ರ ತಲೆ ವಾಲಿಸಿಕೊಂಡು, ತಮ್ಮ ಜಿಪುಣತನ ಹಂಗಿಸುವ ನುಡಿಯನ್ನೂ ಬಿಡದೆ ಪೂರ್ತಿ ಕೇಳಿದರು. ಹಾಡು ಮುಗಿದದ್ದೇ ರಾಘಣ್ಣನವರನ್ನು ಕರೆಸಿದರು. ಇವರು ಕೈ ಜೋಡಿಸಿಕೊಂಡೇ ಹೋಗಿ ನಿಂತರು.

"ಹಾಡಿದ ಹುಡುಗಿ ಯಾರ್ರೀ? ದನೀನೂ ಚಂದದ, ಬಾಯೀನೂ ಜೋರದ. ನಮ್ಮ ಸಣ್ಣ ಮಗಗೂ ಹೆಣ್ಣು ನೋಡ್ಲಿಕತ್ತೀವಿ."

ತುಪ್ಪದ ಗಿಂಡಿ ಹಿಡಿದು ನಿಂತಿದ್ದ ತುಳಸಿಬಾಯಿ ಗಂಡನನ್ನೊಮ್ಮೆ ಅಡಿಯಿಂದ ಮುಡಿಯವರೆಗೂ ನೋಡಿದಳು.

"ಹೊಳಗುಂದದಾಗ ಇದ್ದಾಳ್ರಿ. ಎಪ್ಪತ್ತೆರಡು ತುಂಬ್ಯಾವ. ಮದುವಿ ವಯಸ್ಸಿಗೆ ತಂದವರು ನಮ್ಮ ಯಜಮಾನರು."