ಮಿಲಿಟರಿ ಜೀಪಿಗೊಂದು ಕುರಿಬಂಡಿ

ಮನೆತನದಲ್ಲಿ ಮೊದಲು ಓದಿದವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಓದಿದ್ದನ್ನು ಎಲ್ಲಿಯಾದರೂ ಉಪಯೋಗಿಸಿ ತೋರಿಸಬೇಕು ಎನ್ನುವ ಚಟ. ನಾಲ್ಕು ತಲೆಮಾರು ಓದಿದವರ ಮನೆಯಲ್ಲಿ ಈ ಉರಿ ಇರುವುದಿಲ್ಲ. ಅವರ ಪದವಿಗಳು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ತಣ್ಣಗೆ ಮಲಗಿರುತ್ತವೆ. ನಮ್ಮಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಿಡಿದ ಮೊದಲಿಗ ನಾನು. ಬಾಗಲಕೋಟೆಯಲ್ಲಿ ಓದಿ ಬಿ.ಎಸ್ಸಿ. ಪಾಸಾದ ಮೇಲೆ ಕಿರಾಣಿ ಅಂಗಡಿಗೆ ಕಳಿಸುವ ಚೀಟಿಯಲ್ಲೂ ಮಾಳಿಂಗ ಎನ್ನುವ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಬರೆಯುತ್ತಿದ್ದೆ. ಅಂಗಡಿಯವನು ಅದಕ್ಕಾಗಿ ಬೆಲ್ಲವನ್ನೇನೂ ಹೆಚ್ಚು ತೂಗಲಿಲ್ಲ.

ನಾನು ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ಕೈಗೆ ಬಂದದ್ದು ಮಿಲಿಟರಿಯವರು ಹರಾಜಿಗೆ ಹಾಕಿದ್ದ ಒಂದು ಹಳೆಯ ಜೀಪು. ಸ್ಟೇರಿಂಗು ಎಡಗಡೆ, ಬಾಗಿಲುಗಳೇ ಇಲ್ಲ, ಮಗ್ಗುಲಲ್ಲಿ ಸಲಿಕೆ ಸಿಗಿಸುವ ಕೊಕ್ಕೆ. ಶುರು ಮಾಡಲು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಬೇಕು, ತಿರುವುವಾಗ ಮನೆದೇವರ ಹೆಸರನ್ನೂ ತೆಗೆದುಕೊಳ್ಳಬೇಕು. ಆದರೆ ಒಮ್ಮೆ ಎದ್ದಿತೆಂದರೆ ಮಳೆಗಾಲದ ಎರೆಮಣ್ಣಿನಲ್ಲೂ ನಾಲ್ಕು ಗಾಲಿ ಊರಿಕೊಂಡು ಹತ್ತುತ್ತಿತ್ತು. ಅದನ್ನು ಊರಿಗೆ ತಂದ ದಿನ ಅಪ್ಪ ಸುತ್ತಲೂ ಒಂದು ಸುತ್ತು ಹಾಕಿ, ಎತ್ತಿನ ಹಲ್ಲು ನೋಡುವಂತೆ ಟಾಯರು ನೋಡಿ, ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದ: "ಭಾಳ ದುಡದೈತಿ. ಆದ್ರ ಸೊಕ್ಕಿಲ್ಲ." ನನ್ನ ಸರ್ಟಿಫಿಕೇಟು ನೋಡಿದಾಗಲೂ ಅಪ್ಪ ಇಷ್ಟು ಮಾತಾಡಿರಲಿಲ್ಲ.

ಅಪ್ಪ ಕುರಿಗಾರ. ಪ್ರತಿ ಬೇಸಿಗೆಗೆ ಹುನಗುಂದದ ಮಗ್ಗುಲಿನ ನಮ್ಮ ಹಳ್ಳಿಯಿಂದ ಹಿಂಡು ಹೊಡೆದುಕೊಂಡು ಶಿವಯೋಗ ಮಂದಿರದ ಕಡೆ ಮಲಪ್ರಭೆಯ ದಂಡೆಗೆ ಹೋಗುತ್ತಿದ್ದ. ದಾರಿಯಲ್ಲಿ ಹುಟ್ಟಿದ ಮರಿಗಳೆಲ್ಲ ಅವನ ಕಂಬಳಿಯ ಮಡಿಕೆಯಲ್ಲಿ. ಆ ವರ್ಷ ಅಪ್ಪನ ಮೊಣಕಾಲು ಕೈಕೊಟ್ಟಿತು. ಒಂದು ಮುಂಜಾನೆ ರೊಟ್ಟಿ ಮುರಿಯುತ್ತ ಸಹಜವಾಗಿ ಹೇಳಿದ:

"ಮರಿ ಹೊರಾಕ ಆಗಲಿಲ್ಲಂದ್ರ ಹಿಂಡು ಯಾಕ ಬೇಕು? ಅಮೀನಗಡದ ಸಂತಿಗೆ ಹೊಡದುಬಿಡೂದು."

ನಾನು ರೊಟ್ಟಿ ಕೆಳಗಿಟ್ಟೆ. ನನ್ನ ಕಾಲೇಜಿನ ಒಂದೊಂದು ವರ್ಷವೂ ಆ ಹಿಂಡಿನಿಂದ ನಾಲ್ಕು ಕಾಲ ಮೇಲೆ ನಡೆದು ಬಂದದ್ದು. ನನ್ನ ಪದವಿಯನ್ನು ಮೂಸಿ ನೋಡಿದರೆ ಇವತ್ತಿಗೂ ಉಣ್ಣೆಯ ವಾಸನೆ ಬರಬೇಕು.

"ತಡಿ ಯಪ್ಪಾ. ಜೀಪಿಗೆ ಒಂದು ಟ್ರೇಲರ್ ಹಚ್ಚೂಣು. ಮರಿ, ಈದ ಕುರಿ ಅದರಾಗ ಬರ್ಲಿ. ಉಳಿದ ಹಿಂಡು ತಮ್ಮ ಹೊಡಕೊಂಡು ಬರ್ತಾನ."

"ಎಂಥಾದ್ದು ಹಚ್ಚಬೇಕು ಅನ್ನೂದು ತಿಳೀತೈತೇನು ನಿನಗ?"

"ನಾ ಬಿ.ಎಸ್ಸಿ. ಆಗೇನಿ ಯಪ್ಪಾ."

ಅಪ್ಪ ಇನ್ನೊಂದು ತುತ್ತು ಮುರಿದ. ಅದು ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ಮೊದಲು ಬಾಗಲಕೋಟೆಯ ಗುಜರಿಗೆ ಹೋದೆವು. ಅಲ್ಲಿಯ ರಾಜಾಸಾಬ ತಗಡುಗಳ ಹಿಂದಿನಿಂದ ಒಂದು ಸಣ್ಣ ಮಿಲಿಟರಿ ಟ್ರೇಲರನ್ನು ಎಳೆದು ತೋರಿಸಿದ. ಅದೇ ಹಸಿರು ಬಣ್ಣ, ಅದೇ ಅಳತೆಯ ಗಾಲಿ. ನನ್ನ ಜೀಪಿನ ಜೊತೆಯಲ್ಲೇ ಹುಟ್ಟಿ ಯಾವುದೋ ಯುದ್ಧದಲ್ಲಿ ತಪ್ಪಿಸಿಕೊಂಡ ತಮ್ಮನ ಹಾಗಿತ್ತು. ನನಗೆ ನೋಡಿದಲ್ಲೇ ಮನಸ್ಸು ಜಾರಿತು. ರಾಜಾಸಾಬ ಅದರ ಮೈ ತಟ್ಟಿ, "ಹೊಳಿಯೊಳಗ ಇಳಿಸಿದ್ರೂ ಒಂದ್ ಹನಿ ನೀರು ಒಳಗ ಬರೂದಿಲ್ರೀ ಮಾಸ್ತರ್ರ" ಎಂದ.

ಅಪ್ಪ ಕೇಳಿದ: "ಒಳಗಿನ ನೀರು ಹೊರಗ ಹೋಗತೈತೇನು?"

"ಅಂದ್ರ?"

"ಕುರಿ ಉಚ್ಚಿ ಹೊಯ್ತಾವಪಾ."

ಬಿರಟೆ ಇದೆ, ಬಿಚ್ಚಬಹುದು ಎಂದು ರಾಜಾಸಾಬ ಹೇಳಿದ. ಕುರಿಗೆ ಒಂದೊಂದು ಸಲಕ್ಕೂ ಬಿರಟೆ ಬಿಚ್ಚುತ್ತ ಕೂಡುವವರು ಯಾರು ಎಂದು ಅಪ್ಪ ನನ್ನ ಕಡೆ ನೋಡಿದ. ಯುದ್ಧ ಗೆದ್ದು ಬಂದ ಟ್ರೇಲರು ಅಲ್ಲಿಗೇ ಸೋತಿತು. ಬಾದಾಮಿಯ ಹತ್ತಿರ ಒಂದು ಟ್ರ್ಯಾಕ್ಟರಿನ ಟ್ರೇಲರು ನೋಡಿದೆವು. ಅದರ ಮುಂದೆ ನನ್ನ ಜೀಪು ಕರುವಿನ ಹಾಗೆ ಕಾಣುತ್ತಿತ್ತು. ಅಪ್ಪ ಅದರ ಎತ್ತರವನ್ನು ತನ್ನ ಎದೆಗೆ ಅಳೆದು, "ಗಬ್ಬದ ಕುರಿ ಇಷ್ಟು ಹಾರೂದಿಲ್ಲ" ಎಂದ.

ಕೊನೆಗೆ ಇಳಕಲ್ಲಿನ ಮೌನಪ್ಪ ಬಡಿಗೇರನಲ್ಲಿಗೆ ಹೋದೆವು. ಬಂಡಿ ಮಾಡುವುದರಲ್ಲಿ ಕೈ ಪಳಗಿದ ಮನುಷ್ಯ. ನಾನು ಗ್ರಾಫ್ ಹಾಳೆಯ ಮೇಲೆ ನಕ್ಷೆ ತೆಗೆದುಕೊಂಡು ಹೋಗಿದ್ದೆ. ಅಪ್ಪ ಕಂಬಳಿಯಲ್ಲಿ ಒಂದು ಮರಿ ತಂದಿದ್ದ. ಹಲಗೆಗಳ ನಡುವೆ ಎಷ್ಟು ಸಂದು ಬಿಡಬೇಕು ಎಂದು ಮೌನಪ್ಪ ಕೇಳಿದಾಗ ನಾನು ಹಾಳೆ ಬಿಚ್ಚಿದೆ, ಅಪ್ಪ ಮರಿಯ ಕಾಲು ಹಿಡಿದು ಗೊರಸು ತೋರಿಸಿದ. "ಇದಕ್ಕಿಂತ ಸಣ್ಣದು. ಉಚ್ಚಿ ಇಳೀಬೇಕು, ಕಾಲು ಇಳೀಬಾರದು." ಮೌನಪ್ಪ ಗೊರಸಿಗೆ ದಾರ ಹಿಡಿದು ಅಳತೆ ತೆಗೆದುಕೊಂಡ. ನನ್ನ ಹಾಳೆ ಅವನ ಚಹದ ಬಟ್ಟಲಿನ ಕೆಳಗೆ ಹೋಯಿತು.

ಆದರೆ ಒಂದು ವಿಷಯದಲ್ಲಿ ನಾನು ಪಟ್ಟು ಬಿಡಲಿಲ್ಲ. ಗಾಲಿಯ ಅಚ್ಚು ಬಂಡಿಯ ನಟ್ಟನಡುವೆಯೇ ಇರಬೇಕು. ಹಾಗಿದ್ದರೆ ಭಾರವೆಲ್ಲ ಅಚ್ಚಿನ ಮೇಲೇ ಕೂತು ಜೀಪಿನ ಕೊಂಡಿಗೆ ಏನೂ ಬೀಳುವುದಿಲ್ಲ, ಪ್ರಯೋಗಶಾಲೆಯ ತಕ್ಕಡಿಯ ಹಾಗೆ.

"ಗೇಣು ಹಿಂದ ಹಾಕೂಣ್ರಿ ಮಾಸ್ತರ್ರ" ಎಂದ ಮೌನಪ್ಪ. "ಬಂಡಿಗೆ ಚೂರು ಮುಂಭಾರ ಇರಬೇಕ್ರಿ. ಎತ್ತಿನ ಹೆಗಲ ಮ್ಯಾಲ ನೊಗ ಕೂಡಬೇಕಲ್ಲ."

"ಜೀಪಿಗೆ ಹೆಗಲು ಎಲ್ಲೈತಿ ಮೌನಪ್ಪ? ಇದು ವಿಜ್ಞಾನ."

ಮೌನಪ್ಪ ನನ್ನನ್ನು ನೋಡಿದ, ಅಪ್ಪನನ್ನು ನೋಡಿದ. ಅಪ್ಪ, "ಹಾಕು, ಓದ್ಯಾನ" ಎಂದ. ಆ ಎರಡು ಮಾತಿಗೆ ನನ್ನ ಎದೆ ಉಬ್ಬಿದ್ದು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಹೊರಡುವ ದಿನ ಶನಿವಾರ. ಅಮೀನಗಡ ನಮ್ಮ ದಾರಿಯಲ್ಲೇ, ಅವತ್ತೇ ಅಲ್ಲಿ ಕುರಿಸಂತೆ. ಹನ್ನೊಂದು ಕುರಿ, ಅವುಗಳ ಮರಿ ಬಂಡಿ ಹತ್ತಿದವು. ತನ್ನ ಕೆಲಸ ಹೇಗೆ ನಡೆಯುತ್ತದೆ ನೋಡೋಣವೆಂದು ಮೌನಪ್ಪನೂ ಬಂದು ಜೀಪಿನ ಹಿಂದುಗಡೆ ಕೂತ. ಮುಂದಿನ ಸೀಟನ್ನು ನಾನು ಒರೆಸಿ ಮಗ್ಗದ ಚಾದರು ಹಾಸಿದ್ದೆ. ಅಪ್ಪನನ್ನು ಅಲ್ಲಿ ಕೂರಿಸಿಕೊಂಡು ಹುನಗುಂದದ ಬಸ್‌ಸ್ಟ್ಯಾಂಡಿನ ಮುಂದೆ ಹಾದುಹೋಗಬೇಕು, ನಾಲ್ಕು ಜನ ನೋಡಬೇಕು ಎನ್ನುವುದು ಪಾಸಾದ ದಿನದಿಂದಲೂ ನನ್ನ ಆಸೆ.

"ಕುರಿ ಯಾರು ನೋಡ್ತಾರ?" ಎಂದು ಅಪ್ಪ ಬಂಡಿಯ ಹಿಂದಿನ ಹಲಗೆಗೆ ಹೋಗಿ ಕೂತ.

ಅರ್ಧ ಮೈಲು ಹೋಗಿರಲಿಲ್ಲ, ಹಿಂದಿನಿಂದ ಯಾರೋ ಜೀಪಿನ ಅಂಗಿ ಹಿಡಿದು ಆಚೆ ಈಚೆ ಜಗ್ಗಿದಂತಾಯಿತು. ಬಂಡಿ ಬಾಲ ಬೀಸತೊಡಗಿತು. ಜೀಪಿನ ಹಿಂಭಾಗ ಮೇಲೆದ್ದು ಗಾಲಿಗಳು ನೆಲ ಬಿಡುವಂತೆ ಜಾರಿದವು. ಹೇಗೋ ನಿಲ್ಲಿಸಿ ಇಳಿದು ನೋಡಿದರೆ ಹನ್ನೊಂದು ಕುರಿಯೂ ಹಿಂದಿನ ಮೂಲೆಯಲ್ಲಿ ಅಪ್ಪನ ಮೊಣಕಾಲಿಗೆ ಅಂಟಿಕೊಂಡು ನಿಂತಿವೆ. ಮುಂದಿನ ಅರ್ಧ ಬಂಡಿ ಖಾಲಿ. ನನ್ನ ನಕ್ಷೆಯಲ್ಲಿ ಕುರಿಗಳು ಜೋಳದ ಚೀಲದ ಹಾಗೆ ಇಟ್ಟಲ್ಲೇ ಇದ್ದವು. ಅವು ಅಪ್ಪನನ್ನು ಹುಡುಕಿಕೊಂಡು ಹೋಗುತ್ತವೆ ಎನ್ನುವುದಕ್ಕೆ ನನ್ನಲ್ಲಿ ಸೂತ್ರವಿರಲಿಲ್ಲ.

ಅಪ್ಪ ಮರಿಯೊಂದನ್ನು ಮಡಿಲಲ್ಲಿ ಹಿಡಿದುಕೊಂಡು, ನನ್ನ ಮುಖ ನೋಡದೆ, "ಇರ್ಲಿ ತಗೋ ಮಾಳಿಂಗಾ. ಹ್ಯಾಂಗೂ ಅಮೀನಗಡ ದಾರ್ಯಾಗ ಐತಿ" ಎಂದ.

ಮೌನಪ್ಪ ಇಳಿದು ಬಂದು ಕೊಂಡಿಯ ಮೇಲೆ ಕೈಯಿಟ್ಟು ಒತ್ತಿ ನೋಡಿದ. ನಗಲಿಲ್ಲ, ಆ ಉಪಕಾರವನ್ನು ನಾನು ಮರೆಯುವುದಿಲ್ಲ.

"ಯಜಮಾನ್ರ, ಬಂಡಿ ಹಿಂಭಾರ ಆಗೇತ್ರಿ. ಅಚ್ಚು ಸರಸಾಕ ಇಲ್ಲಿ ಆಗೂದಿಲ್ಲ. ನೀವ ಸರೀರಿ. ಮುಂದ ಜೀಪಿನ್ಯಾಗ ಬಂದು ಕುಂಡ್ರಿ."

ನಾನು ಗೋಗರೆದಾಗ ಬರದ ಅಪ್ಪ, ಕುರಿಗಾಗಿ ಎಂದಕೂಡಲೇ ಎದ್ದು ಬಂದ. ಚಾದರಿನ ಮೇಲೆ ಕೂತ, ಆದರೆ ತಿರುಗಿ ಕೂತ. ಸೀಟುಗಳ ನಡುವೆ ಕಾಲು ನೀಡಿ, ರಸ್ತೆಗೆ ಬೆನ್ನು ಮಾಡಿ, ಕುರಿಗಳಿಗೆ ಮುಖ ತೋರಿಸಿ, ಗಂಟಲಲ್ಲಿ ಒಂದು ಸದ್ದು ಮಾಡಿದ. ಹನ್ನೊಂದು ಕುರಿಯೂ ದಡದಡ ಮುಂದಕ್ಕೆ ಬಂದು ಮುಂದಿನ ಹಲಗೆಗೆ ಕುತ್ತಿಗೆಯಿಟ್ಟವು. ಕೊಂಡಿ ಕುಂಯ್ ಎಂದು ಕೆಳಗೆ ಕೂತಿತು. ಬಂಡಿ ಗೆರೆ ಎಳೆದಂತೆ ನೆಟ್ಟಗೆ ಬಂತು.

ಹುನಗುಂದದ ಬಸ್‌ಸ್ಟ್ಯಾಂಡು ಬಂತು. ನಾಲ್ಕಲ್ಲ, ನಲವತ್ತು ಜನ ನೋಡಿದರು. ಅವರಿಗೆಲ್ಲ ಕಂಡದ್ದು ಅಪ್ಪನ ಬೆನ್ನು ಮತ್ತು ಕಂಬಳಿ. ಅಮೀನಗಡವೂ ಬಂತು. ಹಿಮ್ಮುಖ ಕೂತವನಿಗೆ ಊರು ಕಾಣುವುದು ಅದನ್ನು ದಾಟಿದ ಮೇಲೆಯೇ. ದೂರ ಸರಿಯುತ್ತಿದ್ದ ಜನರನ್ನೂ ದೂಳನ್ನೂ ಸ್ವಲ್ಪ ಹೊತ್ತು ನೋಡಿ ಅಪ್ಪ ಕೇಳಿದ:

"ಸಂತಿ ಹಿಂದ ಹೋತೇನಲೇ?"

"ಹೋತು ಯಪ್ಪಾ."

"ಹೋಗ್ಲಿ ಬಿಡು" ಎಂದು ಮತ್ತೆ ಕುರಿಗಳಿಗೆ ಸದ್ದು ಮಾಡಿದ.

ಹೊಳೆದಂಡೆಯಲ್ಲಿ ಕುರಿ ಇಳಿಸಿದ ಮೇಲೆ ಮೌನಪ್ಪನನ್ನು ಮೆಲ್ಲಗೆ ಕರೆದು, ಮುಂದಿನ ವಾರ ಅಚ್ಚನ್ನು ಗೇಣು ಹಿಂದಕ್ಕೆ ಹಾಕಿಬಿಡು ಎಂದೆ. ಬಂಡಿ ಮಾತ್ರ ಬಹಳ ಛಲೋ ಮಾಡಿದ್ದೀ ಎಂದೂ ಹೇಳಿದೆ. ಅವನು ಹೆಗಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನಕ್ಕ.

"ಬಂಡಿದು ಇರ್ಲಿ ಮಾಸ್ತರ್ರ. ನಿಮ್ಮ ಸೀಟಿಂದೂ ಏನರೆ ಮಾಡಬೇಕ್ರಿ. ಹಿಂದ ಕುಂತು ದಾರಿ ತುಂಬ ನೋಡೀನಿ, ನೀವೂ ಸ್ಟೇರಿಂಗ್ ಹಿಡಕೊಂಡು ಅಪ್ಪನ ಕಡೀಗೆ ವಾಲಿಕೊಂಡ ಬಂದ್ರಿ."

ಇಂದಿಗೂ ತರಗತಿಯಲ್ಲಿ ಗುರುತ್ವಕೇಂದ್ರದ ಪಾಠ ಬಂದಾಗ ಪುಸ್ತಕದಲ್ಲಿದ್ದುದನ್ನೇ ಹಲಗೆಯ ಮೇಲೆ ಬರೆಯುತ್ತೇನೆ, ಮಕ್ಕಳು ಪಾಸಾಗಬೇಕಲ್ಲ. ಆದರೆ ಆ ದಿನ ಅಪ್ಪನ ಕಡೆಗೆ ವಾಲಿದ್ದು ಹನ್ನೊಂದು ಕುರಿ ಎಂದು ಯಾರಾದರೂ ಹೇಳಿದರೆ ನಾನು ತಿದ್ದುತ್ತೇನೆ. ಹನ್ನೆರಡು. ಒಂದು ಬಿ.ಎಸ್ಸಿ. ಆಗಿತ್ತು.